ಹಾರುವ ಮೊದಲು ಕೇಳುವ ಮಾತು

ಮಸ್ಕಿಯ ಬಿಸಿಲಿನಲ್ಲಿ ನಿಂತು, ಹೆಗಲ ಮೇಲಿನ ಟವೆಲಿನಿಂದ ನೆತ್ತಿ ಒರೆಸಿಕೊಳ್ಳುತ್ತ, ‘ರೆಕ್ಕೆಯ ಮೇಲೆ ಹಿಮ ಇಲ್ಲ’ ಎಂದು ಗಟ್ಟಿಯಾಗಿ ಹೇಳುವ ಮನುಷ್ಯನನ್ನು ನೀವು ನೋಡಿರಲಾರಿರಿ. ಆ ಮನುಷ್ಯ ನಾನೇ. ನನ್ನ ಮತ್ತು ನನ್ನ ಗೆಳೆಯನ ಪಾಲಿನಲ್ಲಿರುವ ಎರಡು ಸೀಟಿನ ಪುಟ್ಟ ವಿಮಾನ ಯಾವುದೋ ತಣ್ಣನೆಯ ದೇಶದಲ್ಲಿ ತಯಾರಾದದ್ದು. ಅದರ ಜೊತೆ ಬಂದ ಪುಸ್ತಕದಲ್ಲಿ, ಪ್ರತಿ ಸಲ ಹಾರುವ ಮೊದಲು ಏನೇನು ಪರೀಕ್ಷಿಸಬೇಕು ಎಂಬ ಪಟ್ಟಿ ಇದೆ. ಅದರಲ್ಲಿ ಹಿಮದ ಸಾಲೂ ಒಂದು. ನಮ್ಮ ಕಡೆ ಹಿಮ ಕಾಣಬೇಕೆಂದರೆ ಮದುವೆ ಮನೆಯ ಐಸ್‌ಕ್ರೀಮ್ ಡಬ್ಬಿಯೊಳಗೆ ಇಣುಕಬೇಕು.

ಆ ಸಾಲನ್ನು ಹೊಡೆದುಹಾಕಲು ಮೊದಮೊದಲು ನನಗೆ ಕೈ ತುರಿಸುತ್ತಿತ್ತು. ಬಿಡಲಿಲ್ಲ ನನ್ನ ಗುರು. ಹೈದರಾಬಾದಿನ ಕಡೆಯ ನಿವೃತ್ತ ಪೈಲಟ್ ಅವರು. ಐವತ್ತು ದಾಟಿದ ಮೇಲೆ ನಾನು ಹಾರಲು ಕಲಿತದ್ದು ಅವರ ಕೈಯಲ್ಲಿ. ಅವರು ಹೇಳಿದ್ದು ಇಷ್ಟು: “ಸೇಠ್, ಕಿತಾಬಿನ ಪಟ್ಟಿಯಾಗಿಂದ ಒಂದೂ ತೆಗೀಬ್ಯಾಡ್ರಿ. ನಿಮ್ದು ಏನೈತಿ, ಅದನ್ನ ಸೇರಿಸ್ಕೋರಿ. ಮಷೀನ್ ಎಲ್ಲಾ ಕಡಿ ಒಂದೇ. ಜಾಗಾ ಬ್ಯಾರೆ, ಮನುಷ್ಯಾ ಬ್ಯಾರೆ.” ತೆಗೆಯುವ ಅಧಿಕಾರ ಇಲ್ಲ, ಸೇರಿಸುವ ಅಧಿಕಾರ ಮಾತ್ರ ಇದೆ ಎಂಬುದು ಆಗ ನನಗೆ ಸರಕಾರಿ ಕಾನೂನಿನ ಹಾಗೆ ಕಂಡಿತು.

ನಾನು ಸಿಂಧನೂರಿನವನು. ಭತ್ತ ಕೊಯ್ಯುವ ಹಾರ್ವೆಸ್ಟರ್‌ಗಳನ್ನು ಬಾಡಿಗೆಗೆ ಬಿಡುವುದು ನನ್ನ ಕಸುಬು. ಕಾಲುವೆ ಗದ್ದೆಯ ಕೆಸರಿನಲ್ಲಿ ಹೂತು ಕುಳಿತ ಯಂತ್ರಗಳನ್ನು, ಹೂತ ಮೇಲೆ ಫೋನ್ ಮಾಡುವ ಡ್ರೈವರುಗಳನ್ನು, ಫೋನ್ ಮಾಡದೇ ಇರುವ ಡ್ರೈವರುಗಳನ್ನು ಬೈದು ಬೈದು ನನ್ನ ದನಿ ದೊಡ್ಡದಾಗಿದೆ ಎಂದು ನಾನು ಹೇಳಿಕೊಳ್ಳುತ್ತೇನೆ. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇದೆ ಎಂದು ಉಳಿದವರು ಹೇಳುತ್ತಾರೆ. ಎರಡೂ ನಿಜವೇ ಇರಬಹುದು.

ಗೆಳೆಯ ಮಸ್ಕಿಯವನು, ಟೈರ್ ಅಂಗಡಿ ಇಟ್ಟಿದ್ದಾನೆ. ಮಸ್ಕಿಯಿಂದ ಲಿಂಗಸುಗೂರಿಗೆ ಹೋಗುವ ದಾರಿಯಲ್ಲಿ ಅವನ ಹಿರಿಯರ ಹೊಲವೊಂದಿದೆ. ಕೆಂಪು ಗರಸು ಮಣ್ಣು, ಕಾಲುವೆಯ ನೀರು ಹತ್ತದ ಎತ್ತರ, ಸಜ್ಜೆಯೂ ಮುನಿಸಿಕೊಂಡು ಬೆಳೆಯುವ ಜಾಗ. ಅದನ್ನೇ ಸಮ ಮಾಡಿ, ರೋಲರ್ ಹೊಡೆದು, ಬೇಕಾದ ಪರವಾನಗಿಗಳಿಗೆಲ್ಲ ಅಲೆದಾಡಿ, ಒಂದು ಓಡುದಾರಿ ಮಾಡಿಕೊಂಡೆವು. ಪಕ್ಕದಲ್ಲಿ ತಗಡಿನ ಶೆಡ್ಡು, ಶೆಡ್ಡಿನ ಮುಂದೆ ಒಂದು ಬೇವಿನ ಮರ, ಮರದ ಕೆಳಗೆ ಕೂಡಲು ಒಂದು ಬಂಡೆ, ಓಡುದಾರಿಯ ಅಂಚಿನ ಕಂಬದಲ್ಲಿ ಗಾಳಿಯ ದಿಕ್ಕು ತೋರಿಸುವ ಬಟ್ಟೆಯ ಗಾಳಿಚೀಲ. ನಮ್ಮ ವಿಮಾನ ನಿಲ್ದಾಣ ಎಂದರೆ ಇಷ್ಟೇ.

ವಿಚಿತ್ರವೆಂದರೆ, ವಿಮಾನದಲ್ಲಿ ಅರ್ಧ ಪಾಲಿದ್ದರೂ ಗೆಳೆಯ ಒಂದು ಸಲವೂ ಅದರಲ್ಲಿ ಹಾರಿಲ್ಲ. ಏಣಿ ಹತ್ತಿದರೇ ಅವನಿಗೆ ತಲೆ ತಿರುಗುತ್ತದೆ. ಆದರೆ ವಿಮಾನವೆಂದರೆ ಜೀವ. ವಾರಕ್ಕೊಮ್ಮೆ ಬಂದು ತೊಳೆಯುತ್ತಾನೆ, ಒರೆಸುತ್ತಾನೆ, ಗಾಲಿಯ ಗಾಳಿ ನೋಡುತ್ತಾನೆ. ನಾನು ಮೇಲೆ ಹೋದಾಗ ಬೇವಿನ ಕೆಳಗೆ ಕುಳಿತು, ಕೈ ಅಡ್ಡ ಹಿಡಿದು ಮುಗಿಲು ನೋಡುತ್ತಾನೆ. “ನೀ ಹಾರು, ನಾ ಇಲ್ಲೇ ಹಿಡ್ಕೊಂಡು ಕುಂತೀನಿ” ಎನ್ನುತ್ತಾನೆ. ಏನು ಹಿಡಿದುಕೊಂಡಿರುತ್ತಾನೋ ಇವತ್ತಿಗೂ ನನಗೆ ಗೊತ್ತಿಲ್ಲ.

ನಮ್ಮ ಪಟ್ಟಿಗೆ ಮೊದಲ ಸ್ವಂತ ಸಾಲು ಸೇರಿದ್ದು ಇವನ ಭಕ್ತಿಯಿಂದ. ಒಂದು ವರ್ಷ ಆಯುಧ ಪೂಜೆಗೆ ನಾನು ಹಾರ್ವೆಸ್ಟರ್‌ಗಳ ಪೂಜೆಯಲ್ಲಿ ಸಿಂಧನೂರಿನಲ್ಲೇ ಉಳಿದೆ. ವಿಮಾನದ ಪೂಜೆ ಅವನ ಪಾಲಿಗೆ ಬಂತು. ಚೆಂಡುಹೂವಿನ ಹಾರ, ಗಾಲಿಗಳ ಕೆಳಗೆ ಲಿಂಬೆಹಣ್ಣು, ಮೂಗಿಗೆ ವಿಭೂತಿಯ ಮೂರು ಗೆರೆ, ಎಲ್ಲ ಕ್ರಮಬದ್ಧವಾಗಿ ಮಾಡಿದ್ದ. ಮರುದಿನ ನಾನು ಬಂದು ಹಾರ ತೆಗೆದು, ಲಿಂಬೆಹಣ್ಣು ಸರಿಸಿ, ಪುಸ್ತಕದ ಪಟ್ಟಿಯ ಪ್ರಕಾರ ಎಲ್ಲ ನೋಡಿ ಓಡಿಸಿದೆ. ವಿಮಾನ ಓಡುತ್ತಿದೆ, ಬೇವಿನ ಮರ ಹಿಂದೆ ಹೋಯಿತು, ಆದರೆ ವೇಗ ತೋರಿಸುವ ಮುಳ್ಳು ಸೊನ್ನೆಯ ಮೇಲೆಯೇ ಮಲಗಿದೆ. ಎಂಜಿನ್ನಿನ ವೇಗ ಇಳಿಸಿ, ಬ್ರೇಕ್ ಒತ್ತಿ, ಓಡುದಾರಿಯ ಕೊನೆಯಲ್ಲಿ ಜಾಲಿ ಕಂಟಿಯ ಎದುರು ನಿಲ್ಲಿಸಿದೆ.

ವಿಮಾನದ ವೇಗ ಗೊತ್ತಾಗುವುದು ರೆಕ್ಕೆಯ ಕೆಳಗೆ ಮುಂದಕ್ಕೆ ಚಾಚಿದ ಒಂದು ಬೆರಳು ಗಾತ್ರದ ನಳಿಕೆಯಿಂದ. ಎದುರಿನ ಗಾಳಿ ಅದರ ತೂತಿನೊಳಗೆ ಹೊಕ್ಕರೆ ಮುಳ್ಳು ಏಳುತ್ತದೆ. ಇಳಿದು ಬಂದು ಬ್ಯಾಟರಿ ಬಿಟ್ಟು ನೋಡಿದರೆ, ಆ ತೂತಿನ ಒಳಗೆ ಊದಿನಕಡ್ಡಿಯ ಬಿದಿರಿನ ತುಂಡು ಮುರಿದು ಕುಳಿತಿತ್ತು. ಸುತ್ತಲೂ ಬೂದಿ.

“ತೂತು ಬರೋಬ್ಬರಿ ಊದಿನಕಡ್ಡಿ ಅಳತೀದ ಐತಲ್ಲೋ” ಎಂದ ಗೆಳೆಯ, ನನ್ನ ಮುಖ ನೋಡದೆ. “ಪೂಜಿ ಮಾಡ್ಲಿ ಅಂತನ ಬಿಟ್ಟಾರ ಅಂದ್ಕೊಂಡೆ.”

ಅವತ್ತು ನಾನು ಕೂಗಿದ್ದಕ್ಕೆ ಬೇವಿನ ಮರದ ಹಕ್ಕಿಗಳೆಲ್ಲ ಎದ್ದು ಹೋದವು. ಅವನು ಎಲ್ಲವನ್ನೂ ಹೊಟ್ಟೆಗೆ ಹಾಕಿಕೊಂಡು ಚಹಾ ಕಾಸಿದ. ಆಮೇಲೆ ನಾವಿಬ್ಬರೂ ಕುಳಿತು ಪುಸ್ತಕದ ಪಟ್ಟಿಯನ್ನು ಕನ್ನಡದಲ್ಲಿ ಬರೆದು, ಕೆಳಗೆ ನಮ್ಮದೂ ಒಂದು ಸಾಲು ಸೇರಿಸಿದೆವು: ನಳಿಕೆಯಲ್ಲಿ ಊದಿನಕಡ್ಡಿ ಇಲ್ಲ. ಆ ಸಾಲು ಬರೆದ ಮೇಲೆ ಉಳಿದವು ತಾವಾಗಿಯೇ ಬರತೊಡಗಿದವು. ಕೊಯ್ಲಿನ ದಿನಗಳಲ್ಲಿ ಭತ್ತದ ಹೊಟ್ಟು ಗಾಳಿಯಲ್ಲಿ ಬಂದು ಎಂಜಿನ್ನಿನ ಗಾಳಿದಾರಿಯಲ್ಲಿ ತುಂಬಿಕೊಳ್ಳುತ್ತದೆ, ಅದನ್ನು ನೋಡಬೇಕು. ಕುಂಬಾರ ಹುಳ ಎಲ್ಲಿ ಸಣ್ಣ ತೂತು ಕಂಡರೂ ಮಣ್ಣು ತಂದು ಮನೆ ಕಟ್ಟುತ್ತದೆ, ನಳಿಕೆಗೆ ಚೀಲ ಹಾಕಿರಬೇಕು. ಅಕ್ಷತೆಯ ಕಾಳಿಗೆ ಇಲಿ ಬರುತ್ತದೆ, ಇಲಿ ಬಂದರೆ ವೈರು ಉಳಿಯುವುದಿಲ್ಲ. ಕುರಿಗಳು ಓಡುದಾರಿಗೆ ಬಂದರೆ ಕುರಿಯವನಿಗೆ ಕೂಗಬೇಕು, ಕುರಿಗಳಿಗಲ್ಲ. ಕೊನೆಯದನ್ನು ಸೇರಿಸಿದವನು ಗೆಳೆಯ, ನನ್ನನ್ನು ಆಡಿಕೊಳ್ಳಲು. ಅದೂ ಇರಲಿ ಎಂದು ಬಿಟ್ಟೆ.

ಇನ್ನು ನನ್ನ ಹೆಂಡತಿಯ ಸಾಲು.

ನಮ್ಮ ಕಡೆ ಅಕ್ಕನ ಮಗಳನ್ನು ತಂದುಕೊಳ್ಳುವುದು ಹೊಸದೇನಲ್ಲ. ನನ್ನ ಹೆಂಡತಿ ನನ್ನ ದೊಡ್ಡಕ್ಕನ ಮಗಳು. ಮದುವೆಗೆ ಮುಂಚೆಯೂ ನನ್ನನ್ನು ಮಾಮಾ ಎನ್ನುತ್ತಿದ್ದಳು, ಈಗಲೂ ಹಾಗೇ. ಅಕ್ಕನ ಮನೆ ಮುದಗಲ್ಲಿನಲ್ಲಿ, ಕೋಟೆಯ ಮಗ್ಗುಲಲ್ಲಿ. ಅವ್ವ ಬೇಗ ಹೋದದ್ದರಿಂದ ನನ್ನನ್ನು ಎತ್ತಿ ಆಡಿಸಿದವಳು, ಉಣಿಸಿದವಳು, ಹೊಡೆದವಳು ಅಕ್ಕನೇ. ಅಂಥವಳು ಅತ್ತೆಯಾದರೆ ಅಳಿಯನಿಗೆ ಮರ್ಯಾದೆ ಎಲ್ಲಿಂದ ಬರಬೇಕು? ಮದುವೆಯ ಮಂಟಪದಲ್ಲೇ ಅವಳು ನನ್ನ ಕಿವಿ ಹಿಂಡಿದ್ದನ್ನು ನೋಡಿದವರು ಇನ್ನೂ ಇದ್ದಾರೆ.

ವಿಮಾನ ಬಂದ ಮೇಲೆ ಹೆಂಡತಿ ಬಹಳ ದಿನ ಅದರಲ್ಲಿ ಕೂಡಲು ಒಪ್ಪಲಿಲ್ಲ. ಅವಳಿಗೆ ಮುಗಿಲಿನ ಹೆದರಿಕೆ ಇಲ್ಲ, ನನ್ನ ಹೆದರಿಕೆ. ಒಮ್ಮೆ ಲಿಂಗಸುಗೂರಿನ ಬಿಡಿಭಾಗದ ಅಂಗಡಿಯವನ ಜೊತೆ ಜಗಳ ಆಡುವ ಅವಸರದಲ್ಲಿ ನಾನು ಜೀಪಿನ ಹ್ಯಾಂಡ್‌ಬ್ರೇಕ್ ಎಳೆಯದೇ ಇಳಿದಿದ್ದೆ. ಜೀಪು ಅವಳನ್ನು ಕೂಡಿಸಿಕೊಂಡೇ ನಿಧಾನವಾಗಿ ಉರುಳುತ್ತ ಹೋಗಿ ಕಬ್ಬಿನ ಹಾಲಿನ ಬಂಡಿಗೆ ಒರಗಿತು. ಯಾರಿಗೂ ಏನೂ ಆಗಲಿಲ್ಲ, ಬಂಡಿಯವನು ಅವಳಿಗೆ ಒಂದು ಗ್ಲಾಸು ಹಾಲು ಕೊಟ್ಟು ಕಳಿಸಿದ. ಆದರೆ ಅವಳು ಅದನ್ನು ಮರೆಯಲಿಲ್ಲ.

“ಗಾಲಿ ನೋಡ್ತಿ, ಎಣ್ಣಿ ನೋಡ್ತಿ, ರೆಕ್ಕಿ ಅಲುಗಾಡಿಸಿ ನೋಡ್ತಿ” ಎಂದಳು ಒಂದು ದಿನ. “ನಿನ್ನ ಯಾರು ನೋಡ್ತಾರ ಮಾಮಾ?”

ಪುಸ್ತಕದಲ್ಲಿ ಅದೂ ಇದೆ ಎಂದು ತೋರಿಸಿದೆ. ಮೈಯಲ್ಲಿ ಹುಷಾರಿದೆಯೇ, ಔಷಧಿ ತೆಗೆದುಕೊಂಡಿದೆಯೇ, ಕುಡಿದಿದೆಯೇ, ನಿದ್ದೆಯಾಗಿದೆಯೇ, ಮನಸ್ಸು ಸ್ಥಿಮಿತದಲ್ಲಿದೆಯೇ. ಅವಳು ಕನ್ನಡಕ ಹಾಕಿಕೊಂಡು ಪೂರ್ತಿ ಓದಿದಳು. “ಸ್ಥಿಮಿತ ಐತೇನು ಅಂತ ನಿನ್ನ ಕೇಳಿದ್ರ ನೀ ಇಲ್ಲ ಅಂತಿಯೇನು? ಯಾರಂತಾರ? ಹಿಂಗ ಕೇಳಬೇಕು” ಎಂದು ತಾನೇ ಪೆನ್ನು ತೆಗೆದುಕೊಂಡು ಬರೆದಳು: ಇವತ್ತು ಯಾರ ಮೇಲಾದರೂ ಕೂಗಾಡಿದ್ದೀಯಾ? ಕೂಗಾಡಿದ್ದರೆ ಒಂದು ತಾಸು ಸುಮ್ಮನೆ ಕೂಡಬೇಕು. ವಾದ ಇಲ್ಲ.

ಅವಳ ಶರತ್ತು ಇನ್ನೂ ಒಂದಿತ್ತು. ಈ ಸಾಲನ್ನು ನಾನು ಓದಿಕೊಳ್ಳುವ ಹಾಗಿಲ್ಲ, ಜೊತೆಗೆ ಬರುವವರು ಕೇಳಬೇಕು, ನಾನು ಉತ್ತರಿಸಬೇಕು. ಹಾಗಿದ್ದರೆ ತಾನು ಕೂಡುತ್ತೇನೆ ಎಂದಳು. ನಾನು ಒಪ್ಪಿದೆ. ಹೆಂಡತಿಯನ್ನು ಪಕ್ಕದಲ್ಲಿ ಕೂಡಿಸಿಕೊಂಡು ಹಾರಬೇಕು ಎಂಬ ಆಸೆ ನನಗೆ ಅಷ್ಟಿತ್ತು.

ಆ ವರ್ಷ ಅಕ್ಕ ಬಚ್ಚಲಿನಲ್ಲಿ ಜಾರಿ ಬಿದ್ದು ಸೊಂಟದ ಎಲುಬು ಮುರಿದುಕೊಂಡಳು. ಮಂಚ ಹಿಡಿದಳು. ಎದೆಯೂ ಸೋತಿದೆ, ಹೆಚ್ಚು ದಿನದ ಮಾತು ಕೇಳಬೇಡಿ ಎಂದರು ಡಾಕ್ಟರು. ಆದರೆ ಅದೇ ವರ್ಷ ಅವಳ ಕಣ್ಣಿನ ಪೊರೆ ತೆಗೆಸಿದ್ದೆವು. “ಕಣ್ಣು ಹೊಸಾವು ಬಂದಾವ, ನೋಡಾಕ ಜಂತಿ ಒಂದ ಐತಿ” ಎನ್ನುತ್ತಿದ್ದಳು ಮಲಗಿದಲ್ಲೇ, ಚಾವಣಿ ನೋಡುತ್ತ. ನಾವು ಹೋದಾಗಲೆಲ್ಲ ಒಂದೇ ಮಾತು: “ನನ್ನ ಮಗಳನ್ನ ಕುಂಡ್ರಿಸ್ಕೊಂಡು ನಮ್ಮ ಮನಿ ಮ್ಯಾಲಿಂದ ಒಮ್ಮಿ ಹೋಗಲೇ ತಮ್ಮಾ. ಮಾಳಗಿ ಮ್ಯಾಲ ಮಂಚ ಹಾಕ್ಸಿಕೊಂಡು ನೋಡ್ತೀನಿ. ನೋಡೇ ಹೋಗ್ತೀನಿ.”

ಅವಳು ಅಲ್ಲಿಯವರೆಗೆ ನನ್ನಿಂದ ಏನನ್ನೂ ಕೇಳಿದವಳಲ್ಲ. ಶಿವರಾತ್ರಿ ಕಳೆದ ಮೇಲೆ ಒಂದು ದಿನ ಗೊತ್ತು ಮಾಡಿದೆವು. ಬಿಸಿಲು ಏರಿದರೆ ನೆಲದಿಂದ ಎದ್ದ ಕಾವು ಪುಟ್ಟ ವಿಮಾನವನ್ನು ಎತ್ತಿ ಎತ್ತಿ ಹಾಕುತ್ತದೆ, ಹೀಗಾಗಿ ಬೆಳಗಿನ ತಂಪಿನಲ್ಲೇ ಹೋಗಿ ಬರಬೇಕು. ಅಂದಿನ ಅನುಮತಿಯೂ ಸಿಕ್ಕಿತು. ಮುದಗಲ್ಲಿನಲ್ಲಿ ಅಕ್ಕನ ಗಂಡುಮಕ್ಕಳು ಮಂಚದ ಸಮೇತ ಅವಳನ್ನು ಮಾಳಿಗೆಗೆ ಹೊತ್ತುಕೊಂಡು ಹೋದರು. ಓಣಿಯ ಜನವೂ ಮಾಳಿಗೆಗಳ ಮೇಲೆ ಹತ್ತಿ ನಿಂತಿದ್ದಾರೆ ಎಂದು ಫೋನ್ ಬಂತು.

ನಾನು ಮತ್ತು ಹೆಂಡತಿ ಸಿಂಧನೂರಿನಿಂದ ನಸುಕಿನಲ್ಲೇ ಹೊರಟಿದ್ದೆವು. ದಾರಿಯಲ್ಲಿ ಮಸ್ಕಿಯ ಹೋಟೆಲು ಆಗಷ್ಟೇ ಬಾಗಿಲು ತೆಗೆಯುತ್ತಿತ್ತು. ಚಹಾ ಕುಡಿದು ಹೋಗೋಣ ಎಂದಳು. ಬಂದು ಕುಡಿದರಾಯಿತು ಎಂದೆ. ಗೆಳೆಯ ಅದಾಗಲೇ ವಿಮಾನವನ್ನು ಶೆಡ್ಡಿನಿಂದ ಹೊರಗೆ ಎಳೆದು ನಿಲ್ಲಿಸಿದ್ದ. ಹಿಂದಿನ ದಿನ ತೊಳೆದದ್ದು ಹೊಳೆಯುತ್ತಿತ್ತು.

ನನ್ನ ತಿರುಗಾಟ ಶುರುವಾಯಿತು. ಪುಸ್ತಕದವರು ಎಡದಿಂದ ಬಲಕ್ಕೆ ಸುತ್ತಿರಿ ಎಂದರೂ ಒಂದೇ, ಬಲದಿಂದ ಎಡಕ್ಕೆ ಎಂದರೂ ಒಂದೇ. ನಾನು ಮಾತ್ರ ದೇವರಿಗೆ ಸುತ್ತುವ ಹಾಗೆ ಪ್ರದಕ್ಷಿಣೆಯಾಗಿಯೇ ಸುತ್ತುತ್ತೇನೆ, ಕಾಲಿಗೆ ಅದೇ ರೂಢಿ. ಮೂಗಿನ ಮೇಲಿನ ಪಂಖವನ್ನು ಕೈಯಿಂದ ತಿರುಗಿಸುತ್ತ ಹೋದರೆ ಎಣ್ಣೆಯ ಡಬ್ಬಿ ಒಮ್ಮೆ ಗುಳುಕ್ ಎಂದು ತೇಗುತ್ತದೆ, ಆಮೇಲೆ ಅಳತೆಗೋಲು ಅದ್ದಬೇಕು. ಅದ್ದಿದೆ. ಟ್ಯಾಂಕಿನ ಕೆಳಗಿನ ಕೊಳಾಯಿಯಿಂದ ಗಾಜಿನ ಲೋಟಕ್ಕೆ ಪೆಟ್ರೋಲು ಇಳಿಸಿ, ನೀರಿನ ಹನಿ ಇದೆಯೇ ಎಂದು ಸೂರ್ಯನಿಗೆ ಹಿಡಿದು ನೋಡಿದೆ. ಸ್ಟೂಲು ಹಾಕಿಕೊಂಡು ರೆಕ್ಕೆಯ ಮೇಲಿನ ಟ್ಯಾಂಕಿನ ಮುಚ್ಚಳ ಬಿಚ್ಚಿ, ಒಳಗೆ ಇಣುಕಿದೆ. ಅಲ್ಲಿಂದ ಕಣ್ಣು ಹಾಯಿಸಿದರೆ, ರೆಕ್ಕೆಯ ಕೆಳಗಿನ ನಳಿಕೆ ಬೆತ್ತಲೆ ನಿಂತಿದೆ. ಅದಕ್ಕೆ ಹಾಕುವ ಕೆಂಪು ಚೀಲ ಬೇವಿನ ಟೊಂಗೆಯಲ್ಲಿ ಒಣಗುತ್ತಿದೆ.

ನನ್ನ ಪಿತ್ತ ನೆತ್ತಿಗೇರಿತು. ಸ್ಟೂಲಿನಿಂದ ಇಳಿದೆ ಎನ್ನುವುದಕ್ಕಿಂತ ಹಾರಿದೆ ಎನ್ನಬೇಕು. ರಾತ್ರಿಯಿಡೀ ಬಿಟ್ಟಿದ್ದೀಯಲ್ಲ, ಹುಳ ಮನೆ ಕಟ್ಟಿದ್ದರೆ ಏನು ಗತಿ, ನಿನಗೆ ಊದಿನಕಡ್ಡಿಯ ಬುದ್ಧಿ ಇನ್ನೂ ಬರಲಿಲ್ಲವೇ, ಇನ್ನೂ ಏನೇನೋ, ಬಾಯಿಗೆ ಬಂದಂತೆ. ಗೆಳೆಯ ಚಿಂದಿ ಬಟ್ಟೆ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದ. “ತೊಳದಿದ್ದೆ, ಹಸಿ ಇತ್ತು, ಒಣಗ್ಲಿ ಅಂತ ಹಾಕೀನಿ” ಎಂದ ಮೆಲ್ಲಗೆ. ನಾನು ನಳಿಕೆಗೆ ಬ್ಯಾಟರಿ ಬಿಟ್ಟು ನೋಡಿದೆ. ಹುಳ ಇರಲಿಲ್ಲ. ಇಲ್ಲದ್ದಕ್ಕೆ ಸಿಟ್ಟು ಇನ್ನಷ್ಟು ಏರಿತು. ಹಲ್ಲು ಕಚ್ಚಿಕೊಂಡು ಬಾಲದ ಕಡೆ ಹೋಗಿ, ಚುಕ್ಕಾಣಿ ಅಲುಗಾಡಿಸಿ, ಉಳಿದದ್ದನ್ನೆಲ್ಲ ನೋಡಿ ಮುಗಿಸಿದೆ.

“ಹತ್ತು” ಎಂದೆ ಹೆಂಡತಿಗೆ.

ಅವಳು ಹತ್ತಲಿಲ್ಲ. ಹೊಸ ಇಳಕಲ್ ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿಕೊಂಡು, ಪಟ್ಟಿ ಹಿಡಿದು ನಿಂತಿದ್ದಳು. ಹುಷಾರು, ಔಷಧಿ, ಕುಡಿತ, ನಿದ್ದೆ ಎಲ್ಲ ಒಂದೊಂದಾಗಿ ಕೇಳಿದಳು. ಒಂದೊಂದಕ್ಕೂ ಉತ್ತರಿಸಿದೆ. ಆಮೇಲೆ ಕನ್ನಡಕದ ಮೇಲಿಂದ ನನ್ನನ್ನು ನೋಡಿ ಕೇಳಿದಳು, “ಇವತ್ತ ಯಾರ ಮ್ಯಾಲರ ಕೂಗ್ಯಾಡೀಯೇನು?”

“ನೀನೇ ಕೇಳೀಯಲ್ಲ, ಮತ್ತೇನು ಕೇಳ್ತಿ?”

“ನಾ ಕೇಳೀನಿ. ನೀ ಹೇಳಬೇಕು.”

ಗೆಳೆಯ ನಡುವೆ ಬಂದ. “ಯಮ್ಮಾ, ಆಂವ ಒದರಿದ್ದು ನನಗ ಕೇಳ್ಸೇ ಇಲ್ಲ. ಹಂಗಂತ ಬರ್ಕೋರಿ. ಅಲ್ಲಿ ಮುದುಕಿ ಬಿಸಿಲಾಗ ಕಾಯಾಕತ್ತೈತಿ, ಹೋಗಿ ಬರ್ರಿ.”

ನನ್ನ ಕಿಸೆಯಲ್ಲಿ ಫೋನ್ ಹೊಡೆದುಕೊಳ್ಳುತ್ತಿತ್ತು. ಮುದಗಲ್ಲಿನಿಂದ ಎಂದು ಗೊತ್ತಿತ್ತು. ಗಾಳಿಚೀಲ ಕಂಬಕ್ಕೆ ಜೋತುಬಿದ್ದಿತ್ತು, ಹಾರಲು ಅದಕ್ಕಿಂತ ಒಳ್ಳೆಯ ಗಳಿಗೆ ಇರಲಿಲ್ಲ. ಇಲ್ಲ ಎಂದು ಒಂದು ಮಾತು ಹೇಳಿದರೆ ಅವಳು ಹತ್ತುತ್ತಿದ್ದಳು, ಅದನ್ನೂ ನಾನು ಬಲ್ಲೆ. ನಾನು ಏನು ಹೇಳುತ್ತೇನೋ ಅದನ್ನು ನಂಬುವುದು ಎಂಬ ಒಪ್ಪಂದದ ಮೇಲೆಯೇ ಅವಳು ಬಂದಿದ್ದಳು. ಅದಕ್ಕೇ ನನ್ನಿಂದ ಆಗಲಿಲ್ಲ.

“ಕೂಗ್ಯಾಡೀನಿ” ಎಂದೆ.

ಅವಳು ಪಟ್ಟಿ ಮಡಚಿದಳು. ನಾನು ಹೋಗಿ ಬೇವಿನ ಕೆಳಗಿನ ಬಂಡೆಯ ಮೇಲೆ ಕುಳಿತೆ. ಅಕ್ಕನ ಮಗನಿಗೆ ಫೋನ್ ಮಾಡಿ ತಡವಾಗುತ್ತದೆ ಎಂದವಳು ಅವಳೇ. ಕಾರಣ ಕೇಳಿದರು ಎಂದು ಕಾಣುತ್ತದೆ. “ಚೆಕಿಂಗ್ ನಡದೈತಿ” ಎಂದಳು. ನನಗೆ ಆ ಹೊತ್ತಿನಲ್ಲಿ ಅವಳ ಮೇಲೆ, ಅವಳ ಪಟ್ಟಿಯ ಮೇಲೆ, ಸೇರಿಸಿಕೊಳ್ಳಿರಿ ಎಂದ ಗುರುವಿನ ಮೇಲೆ, ಎಲ್ಲರ ಮೇಲೂ ಸಿಟ್ಟಿತ್ತು. ನನ್ನ ವಿಮಾನ, ನನ್ನ ಅಕ್ಕ, ನನ್ನ ಗೆಳೆಯ, ನಾನು ಯಾರನ್ನು ಬೈದರೆ ಇವರಿಗೇನು ಎಂದು ಒಳಗೊಳಗೇ ಕುದಿಯುತ್ತಿದ್ದೆ.

ಕುದಿಯುವುದು ನಿಂತದ್ದು ಯಾವಾಗ ಎಂದು ಗೊತ್ತಿಲ್ಲ. ಬೇವಿನ ನೆರಳು ಸರಿದು ಬಿಸಿಲು ರೆಕ್ಕೆಯ ಮೇಲೆ ಬಿತ್ತು. ರೆಕ್ಕೆಯ ನೆತ್ತಿಯಲ್ಲಿ ಏನೋ ಮಿಂಚಿತು. ಸುಮ್ಮನೆ ನೋಡಿದೆ. ಮತ್ತೆ ನೋಡಿದೆ. ಎದ್ದು ಹೋಗಿ ಸ್ಟೂಲು ಹತ್ತಿದೆ. ಪೆಟ್ರೋಲ್ ಟ್ಯಾಂಕಿನ ಮುಚ್ಚಳ ಬಿಚ್ಚಿಟ್ಟಲ್ಲೇ ಇತ್ತು, ರೆಕ್ಕೆಯ ಮೇಲೆ ಅಂಗಾತ. ಟ್ಯಾಂಕು ಬಾಯಿ ತೆರೆದುಕೊಂಡಿತ್ತು. ಇಣುಕಿ ನೋಡಿ, ಕೆಂಪು ಚೀಲ ಕಂಡು, ಜಿಗಿದು ಇಳಿದವನು ಮತ್ತೆ ಮೇಲೆ ಹತ್ತಿರಲೇ ಇಲ್ಲ. ಹಾಗೆಯೇ ಏರಿದ್ದರೆ ಗಾಳಿಯ ಎಳೆತಕ್ಕೆ ಪೆಟ್ರೋಲು ಹಿಂದಕ್ಕೆ ಚಿಮ್ಮುತ್ತ ಖಾಲಿಯಾಗುತ್ತಿತ್ತು. ಪಕ್ಕದಲ್ಲಿ ನನ್ನ ಹೆಂಡತಿ ಕುಳಿತಿರುತ್ತಿದ್ದಳು. ಕೆಳಗೆ ಮಂಚದ ಮೇಲೆ ಅವಳ ತಾಯಿ ನೋಡುತ್ತಿರುತ್ತಿದ್ದಳು.

ಮುಚ್ಚಳ ತಿರುಗಿಸಿ ಹಾಕಿ, ಎಳೆದು ನೋಡಿ, ಮತ್ತೊಮ್ಮೆ ಎಳೆದು ನೋಡಿ, ಕೆಳಗಿಳಿದೆ. ಮೊದಲು ಗೆಳೆಯನಿಗೆ ಹೇಳಿದೆ, ಆಮೇಲೆ ಅವಳಿಗೆ. ಅವಳು ರೆಕ್ಕೆಯನ್ನೇ ನೋಡುತ್ತ ನಿಂತಳು. ಗೆಳೆಯನೇ ಹೋಗಿ ಟೊಂಗೆಯಿಂದ ಚೀಲ ತಂದು ಕೈಯಲ್ಲಿ ಹಿಂಡಿ ನೋಡಿ, “ಒಣಗೈತಿ” ಎಂದ.

ತಾಸು ಮುಗಿಯುವ ಹೊತ್ತಿಗೆ ಗಾಳಿಚೀಲ ಎದ್ದಿತ್ತು. ಎದ್ದು, ಓಡುದಾರಿಗೆ ಅಡ್ಡವಾಗಿ ಚಾಚಿತ್ತು. ಅಡ್ಡಗಾಳಿಗೆ ಚೀಲ ಪೂರ್ತಿ ಚಾಚಿದರೆ ಹಾರುವುದಿಲ್ಲ ಎಂಬುದೂ ನನ್ನದೇ ಒಂದು ಸಾಲು. ಗುರುಗಳಂಥವರು ಅಂಥ ಗಾಳಿಯಲ್ಲೂ ಹಾರುತ್ತಾರೆ, ನಾನು ಅವರಲ್ಲ. ವಿಮಾನವನ್ನು ಮೂವರೂ ಸೇರಿ ಶೆಡ್ಡಿಗೆ ತಳ್ಳಿದೆವು. ಅವತ್ತಿನ ದಿನ ಅಲ್ಲಿಗೆ ಹೋಯಿತು, ನನಗೆ ಅಳು ಬಂದಿತ್ತು.

ಜೀಪಿನಲ್ಲಿ ಲಿಂಗಸುಗೂರು ದಾಟಿ ಮುದಗಲ್ಲಿಗೆ ಹೋದೆವು. ದಾರಿಯುದ್ದಕ್ಕೂ ನಾನು ಅಕ್ಕನಿಗೆ ಏನು ಹೇಳಲಿ ಎಂದು ಮಾತು ಜೋಡಿಸುತ್ತಿದ್ದೆ, ಒಂದೂ ಕೂಡಿ ಬರಲಿಲ್ಲ. ಓಣಿಯ ಜನ ಇಳಿದು ಹೋಗಿದ್ದರು. ಅಕ್ಕ ಮಾತ್ರ ಇಳಿಯಲು ಒಪ್ಪದೆ, ಮಾಳಿಗೆಯ ಮೇಲೆ ಮಂಚದಲ್ಲಿ, ಕಟ್ಟಿದ ಒಂದು ಕೊಡೆಯ ನೆರಳಲ್ಲಿ, ಮುಗಿಲು ನೋಡುತ್ತ ಮಲಗಿದ್ದಳು. ನಮ್ಮ ಹೆಜ್ಜೆ ಕೇಳಿ ತಲೆ ಹೊರಳಿಸಿದಳು.

“ಮ್ಯಾಲಿಂದ ಬರ್ತೀನಿ ಅಂದಾಂವ ಮೆಟ್ಲು ಹತ್ತಿ ಬಂದ್ಯಲ್ಲೋ” ಎಂದಳು.

ನಾನು ಮಂಚದ ಕಾಲಿನ ಹತ್ತಿರ ಕುಳಿತು ಎಲ್ಲವನ್ನೂ ಹೇಳಿದೆ. ಚೀಲ, ಜಗಳ, ಮಗಳ ಪ್ರಶ್ನೆ, ಬಂಡೆ, ಮುಚ್ಚಳ. ಬಯ್ಯುತ್ತಾಳೆ ಎಂದುಕೊಂಡಿದ್ದೆ. ಅವಳು ನನ್ನ ತಲೆಯ ಮೇಲೆ ಕೈ ಇಟ್ಟಳು. ಕೈ ಹಗುರವಾಗಿತ್ತು.

“ಮುಂಜಾನಿಂದ ಏನು ತಿಂದೀ?”

“ಏನಿಲ್ಲ. ಜಲ್ದಿ ಹೊಂಟ್ವಿ.”

“ಹಂಗನ್ನು ಮತ್ತ” ಎಂದು ಮಗಳ ಕಡೆ ತಿರುಗಿದಳು. “ಇವನ್ದು ಸಿಟ್ಟಲ್ಲ ಬೇ, ಹಸಿವು. ಸಣ್ಣಾವಿದ್ದಾಗ ರೊಟ್ಟಿ ಒಂದೀಟು ತಡಾ ಆದ್ರ ತಂಬಿಗಿ ತಗೊಂಡು ಗ್ವಾಡಿಗೆ ಒಗೀತಿದ್ದ. ಬಾಯಾಗ ತುತ್ತು ಬಿದ್ರ ನಗ್ತಿದ್ದ. ಇಷ್ಟು ವರ್ಷ ಬಾಳೇ ಮಾಡೀ, ನಿನಗ ಗೊತ್ತಾಗಿಲ್ಲೇನು? ಕೂಗ್ಯಾಡೀಯೇನು ಅಂತ ಆಮ್ಯಾಲ ಕೇಳು. ಮೊದ್ಲು ಉಂಡೀಯೇನು ಅಂತ ಕೇಳು. ಅದನ್ನ ಬರಿ ಆ ಚೀಟ್ಯಾಗ.”

ಮಾಳಿಗೆಯ ಮೇಲೆಯೇ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಮೊಸರು ಬಂತು. ಮೊದಲ ರೊಟ್ಟಿ ಮುಗಿಯುವ ಹೊತ್ತಿಗೆ ನನಗೆ ಗೆಳೆಯನ ನೆನಪಾಗಿ ನಾಚಿಕೆಯಾಯಿತು, ಎರಡನೆಯದು ಮುಗಿಯುವ ಹೊತ್ತಿಗೆ ಅವನಿಗೆ ಫೋನ್ ಮಾಡಿದೆ. ಅವನು “ನೀ ಉಂಡಿ ಅಂತ ಕಾಣಸ್ತೈತಿ, ದನಿ ಮೆತ್ತಗ ಆಗೈತಿ” ಎಂದ. ಎಲ್ಲರಿಗೂ ಗೊತ್ತಿದ್ದದ್ದು ನನಗೊಬ್ಬನಿಗೇ ಗೊತ್ತಿರಲಿಲ್ಲ.

ನಾಲ್ಕಾರು ದಿನ ಬಿಟ್ಟು ಮತ್ತೆ ಹೊರಟೆವು. ಹೆಂಡತಿ ನಸುಕಿನಲ್ಲೇ ರೊಟ್ಟಿ ಸುಟ್ಟು ಕಟ್ಟಿಕೊಂಡಿದ್ದಳು. ಜೀಪಿನ ಬಾನೆಟ್ಟಿನ ಮೇಲೆ ಬುತ್ತಿ ಬಿಚ್ಚಿ ಮೂವರೂ ತಿಂದೆವು. ಕೈ ತೊಳೆದುಕೊಂಡು ನಿಧಾನವಾಗಿ ಸುತ್ತಿದೆ. ಮುಚ್ಚಳ ಮುಟ್ಟಿ ನೋಡಿದೆ. ಹಿಮ ಇಲ್ಲ ಎಂದೂ ಹೇಳಿದೆ. ಅವಳು ಪಟ್ಟಿಯ ನೆತ್ತಿಯ ಮೇಲೆ ಹೊಸದಾಗಿ ಬರೆದ ಸಾಲಿನಿಂದ ಶುರು ಮಾಡಿದಳು, ತನ್ನ ಅವ್ವನ ದನಿಯಲ್ಲೇ. “ಉಂಡೀಯೇನು?” “ಉಂಡೀನಿ.” ಗೆಳೆಯ ಬೇವಿನ ಕೆಳಗೆ ಹೋಗಿ ಹಿಡಿದುಕೊಂಡು ಕುಳಿತ.

ನೆಲ ಬಿಟ್ಟಾಗ ಅವಳು ನನ್ನ ತೊಡೆಯನ್ನು ಬಿಗಿಯಾಗಿ ಹಿಡಿದಳು, ಮಸ್ಕಿಯ ಗುಡ್ಡ ಪಕ್ಕಕ್ಕೆ ಬಂದಾಗ ಬಿಟ್ಟಳು. ಹಿಂದೆ ಕಾಲುವೆಯ ಕಡೆ ಎರಡನೆಯ ಬೆಳೆಯ ಹಸಿರು, ಮುಂದೆ ಕೆಂಪು ನೆಲ, ನಡುವೆ ಬಸ್ಸಿನ ಧೂಳು. ಮುದಗಲ್ಲಿನ ಕೋಟೆಯ ಗೋಡೆ ಕಂಡಿತು, ಆದರೆ ಮಾಳಿಗೆಗಳೆಲ್ಲ ಮೇಲಿನಿಂದ ಒಂದೇ ಥರ. ಯಾವುದು ನಮ್ಮದು ಎಂದು ಇಬ್ಬರಿಗೂ ತಿಳಿಯದೆ, ನಿಯಮದ ಎತ್ತರದಲ್ಲೇ ಅಗಲವಾಗಿ ತಿರುಗಿಸುತ್ತಿದ್ದೆ. ಆಗ ಕೆಳಗೆ ಒಂದು ಬೆಳಕು ಫಳ್ ಎಂದಿತು. ಮತ್ತೆ ಎಂದಿತು. ಬಿಸಿಲಿಗೆ ಯಾರೋ ಏನನ್ನೋ ಹಿಡಿದು ಅಲುಗಾಡಿಸುತ್ತಿದ್ದರು.

“ಅವ್ವ!” ಎಂದಳು ಹೆಂಡತಿ. “ತಾಟು ಹಿಡದಾಳ ಮಾಮಾ, ಉಣ್ಣೋ ತಾಟು!”

ಅವಳು ಅಳುತ್ತಿದ್ದಳು, ನಗುತ್ತಿದ್ದಳು. ನಾನು ರೆಕ್ಕೆಯನ್ನು ಸ್ವಲ್ಪ ಆ ಕಡೆ ವಾಲಿಸಿ, ನೇರ ಮಾಡಿದೆ. ಕೆಳಗಿನ ತಾಟು ಮತ್ತೊಮ್ಮೆ ಹೊಳೆಯಿತು. ನನ್ನ ಜೀವನದಲ್ಲಿ ಅಷ್ಟು ಸಂತೋಷ ಬೇರೆ ಯಾವತ್ತೂ ಆಗಿಲ್ಲ.

ಮುಂಗಾರಿಗೆ ಮೊದಲೇ ಅಕ್ಕ ಹೋದಳು. ನಿದ್ದೆಯಲ್ಲಿ ಹೋದಳು, ಸಂಕಟ ಪಡಲಿಲ್ಲ. ದಿನಗಳ ಕಾರ್ಯವೆಲ್ಲ ಮುಗಿದ ಮೇಲೆ ಹೆಂಡತಿಯೇ ಒಂದು ಬೆಳಿಗ್ಗೆ ಹೇಳಿದಳು, ಒಮ್ಮೆ ಆ ಮಾಳಿಗೆಯ ಮೇಲಿಂದ ಹೋಗಿ ಬರೋಣ ಎಂದು. ಹೊರಟೆವು. ಗಾಳಿ ಇರಲಿಲ್ಲ, ಗೆಳೆಯ ಚೀಲ ಮರೆತಿರಲಿಲ್ಲ, ವಿಮಾನದಲ್ಲಿ ಒಂದೂ ಕೊರತೆ ಇರಲಿಲ್ಲ. ಅವಳು ಪಟ್ಟಿ ತೆಗೆದು ನನ್ನ ಎದುರು ನಿಂತಳು. ಮೊದಲ ಸಾಲಿಗೆ ಬಂದು ತಡೆದಳು. ಆಮೇಲೆ ಕೇಳಿದಳು, ಈ ಸಲ ಮೆಲ್ಲಗೆ, ತನ್ನದೇ ದನಿಯಲ್ಲಿ.

“ಉಂಡೀಯೇನು?”

ಬುತ್ತಿ ಜೀಪಿನಲ್ಲೇ ಇತ್ತು, ಗಂಟು ಬಿಚ್ಚಿರಲಿಲ್ಲ. ಅಕ್ಕ ಹೋದಾಗಿನಿಂದ ನನಗೆ ತುತ್ತು ಇಳಿಯುತ್ತಿರಲಿಲ್ಲ. ಅದು ಅವಳಿಗೂ ಗೊತ್ತಿತ್ತು, ಅವಳದೂ ಅದೇ ಕಥೆ.

“ಇಲ್ಲ” ಎಂದೆ.

ಅವಳು ಪಟ್ಟಿ ಮಡಚಿ ಬುತ್ತಿ ತಂದಳು. ವಿಮಾನದ ಗಾಲಿಯ ನೆರಳಿನಲ್ಲಿ ನೆಲದ ಮೇಲೆ ಕುಳಿತೆವು. ಗೆಳೆಯನನ್ನೂ ಕರೆದಳು. ಅವಳು ರೊಟ್ಟಿ ಮುರಿದು ಪಲ್ಯ ಸವರಿ ನನ್ನ ಕೈಗೆ ಕೊಟ್ಟಳು, ನಾನು ತಿಂದೆ, ಅವಳೂ ತಿಂದಳು. ಹೊತ್ತು ಏರಿತು, ಗಾಳಿಚೀಲ ಎದ್ದು ಅಡ್ಡ ಚಾಚಿತು. ಅವತ್ತು ನಾವು ಹಾರಲಿಲ್ಲ, ಹೊಟ್ಟೆ ತುಂಬ ಉಂಡು ಮನೆಗೆ ಹೋದೆವು.